ಚಿತ್ರದ ಕೆಳಗಣ ಹೆಸರು

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂಬ ಕೋರಿಕೆ ಬಂದಾಗ ನನಗೆ ಮೊದಲು ನೆನಪಾದುದು ತಂದೆಯವರ ಫೋಟೋ ಅಂಗಡಿಯ ಕತ್ತಲೆ ಕೋಣೆ. ಶಾಲೆ ಬಿಟ್ಟೊಡನೆ ನಾನು ಅಲ್ಲಿಗೆ ಓಡುತ್ತಿದ್ದೆನು. ಕೆಂಪು ದೀಪದ ಬೆಳಕಿನಲ್ಲಿ ಬರಿಯ ಬಿಳಿಯ ಕಾಗದವನ್ನು ಔಷಧಿಯಲ್ಲಿ ಅದ್ದಿದರೆ ಮೊದಲು ತಲೆಗೂದಲು, ಬಳಿಕ ಕಣ್ಣು, ಕಡೆಗೆ ಮುಖವೆಲ್ಲವೂ ಮೂಡಿಬರುವುದು. ಅದನ್ನು ಎಷ್ಟು ಸಲ ಕಂಡರೂ ನನಗೆ ಬೇಸರವಾಗಲಿಲ್ಲ.

ನಾನು ಮೇಲ್ತರಗತಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಊರ ಹೊಳೆಯು ಉಕ್ಕಿ ಬೀದಿಗೆ ಬಂದಿತು. ತಂದೆಯವರು ಜ್ವರದಿಂದ ಮಲಗಿದ್ದರು. ನಾನೇ ಮಾಳಿಗೆಯನ್ನೇರಿ ಚಿತ್ರ ತೆಗೆದೆನು. ಅದು ಒಂದು ವೃತ್ತಪತ್ರಿಕೆಯಲ್ಲಿ ಅಚ್ಚಾಯಿತು. ಕೆಳಗಿದ್ದುದು ಮಾತ್ರ ಅಣ್ಣನ ಹೆಸರು. ಹೆಣ್ಣುಮಗಳ ಹೆಸರು ಪತ್ರಿಕೆಯಲ್ಲಿ ಬರುವುದು ಮನೆಯವರಿಗೆ ಒಪ್ಪಿಗೆಯಾಗಿರಲಿಲ್ಲ. ಪಾಪ, ಅಣ್ಣನು ನನಗಿಂತಲೂ ಹೆಚ್ಚಾಗಿ ನಾಚಿಕೊಂಡು, ಬಂದ ಹಣವನ್ನು ನನ್ನ ಕೈಗೇ ಇತ್ತನು.

ಹೋಮಾಯ್ ವ್ಯಾರಾವಾಲಾ ಎಂಬ ಮಹಿಳೆಯ ವೃತ್ತಾಂತವನ್ನು ಓದಿದಾಗ ನನಗೆ ಈ ಸಂಗತಿಯು ನೆನಪಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಭಾರತದ ಮೊದಲ ಮಹಿಳಾ ವಾರ್ತಾ ಛಾಯಾಗ್ರಾಹಕಿಯೆಂದು ಹೆಸರಾದ ಆಕೆಯು 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಪಾರಸಿ ಕುಟುಂಬದಲ್ಲಿ ಹುಟ್ಟಿದರು. ತಂದೆಯು ನಾಟಕದ ನಟರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಈಕೆಗೆ ಕ್ಯಾಮರಾ ವಿದ್ಯೆಯನ್ನು ಹೇಳಿಕೊಟ್ಟವರು, ಮುಂದೆ ಪತಿಯಾದ ಮಾಣೆಕ್‌ಷಾ. ಮೊದಮೊದಲು ಆಕೆಯ ಚಿತ್ರಗಳು ಪ್ರಕಟವಾದುದು ಪತಿಯ ಹೆಸರಿನಲ್ಲಿಯೇ! ತರುವಾಯ ಆಕೆಯು 'ಡಾಲ್ಡಾ 13' ಎಂಬ ವಿನೋದದ ಅಂಕಿತವನ್ನು ಇಟ್ಟುಕೊಂಡರು. ಹುಟ್ಟಿದುದು ಹದಿಮೂರನೆಯ ಇಸವಿ, ಪತಿಯನ್ನು ಮೊದಲು ಕಂಡುದು ಹದಿಮೂರನೆಯ ವಯಸ್ಸಿನಲ್ಲಿ, ಮೋಟಾರಿನ ಅಂಕಿ ಡಿ.ಎಲ್.ಡಿ. 13. ಹದಿಮೂರೆಂದರೆ ಅಪಶಕುನವೆನ್ನುವವರಿಗೆ ಇದಕ್ಕಿಂತ ಚೆಲುವಾದ ಉತ್ತರ ಬೇಕೆ?

1942ರಲ್ಲಿ ದಂಪತಿಗಳು ದೆಹಲಿಗೆ ಹೋದರು. ಸೀರೆಯುಟ್ಟ ಹೆಂಗಸೊಬ್ಬಳು ಭಾರವಾದ ಕ್ಯಾಮರಾವನ್ನು ಹೊತ್ತು ಬರುವುದನ್ನು ಕಂಡವರು ಅದನ್ನು ಆಟವೆಂದೆಣಿಸಿ ಸುಮ್ಮನಿರುತ್ತಿದ್ದರಂತೆ; ಆ ಅಲಕ್ಷ್ಯವೇ ಆಕೆಗೆ ಅನುಕೂಲವಾಯಿತು. ದೇಶವಿಭಜನೆಗೆ ನಾಯಕರು ಸಮ್ಮತಿಯಿತ್ತ 1947ರ ಜೂನ್ ತಿಂಗಳ ಸಭೆ, ಆಗಸ್ಟ್ 16ರಂದು ಕೆಂಪುಕೋಟೆಯ ಮೇಲೆ ಏರಿದ ಧ್ವಜ, ಪಾರಿವಾಳವನ್ನು ಹಾರಿಬಿಡುತ್ತಿರುವ ನೆಹರೂ, ಇವೆಲ್ಲವನ್ನೂ ನಾವು ಇಂದು ಆಕೆಯ ಕಣ್ಣಿನಿಂದಲೇ ನೋಡುತ್ತೇವೆ. ಆದರೆ 1948ರ ಜನವರಿ 30ರಂದು ಗಾಂಧೀಜಿಯ ಪ್ರಾರ್ಥನಾ ಸಭೆಗೆ ಹೊರಟಿದ್ದ ಆಕೆಯನ್ನು, ನಾಳೆ ಇಬ್ಬರೂ ಕೂಡಿ ಹೋಗೋಣವೆಂದು ಪತಿಯು ಹಿಂದಕ್ಕೆ ಕರೆದರು. ಮಹಾತ್ಮರ ಅಂತ್ಯಸಂಸ್ಕಾರದ ಚಿತ್ರವನ್ನು ಆಕೆ ತೆಗೆದರು; ಆ ಸಂಜೆಯದನ್ನು ಮಾತ್ರ ತೆಗೆಯಲಿಲ್ಲವೆಂಬ ಕೊರಗು ಉಳಿಯಿತು.

ಪತಿಯ ಮರಣದ ಮರುವರ್ಷ, 1970ರಲ್ಲಿ, ಆಕೆಯು ವೃತ್ತಿಯನ್ನು ಬಿಟ್ಟರು. ಹೊಸ ತಲೆಮಾರಿನ ಛಾಯಾಗ್ರಾಹಕರಲ್ಲಿ ಮರ್ಯಾದೆಯ ನಡತೆಯಿಲ್ಲವೆಂಬುದು ಆಕೆಯ ಬೇಸರ. ಇದು ಮಾತ್ರ ನನಗೆ ಪೂರ್ಣವಾಗಿ ಒಪ್ಪಿಗೆಯಾಗದು. ಸಭ್ಯರು ಎದ್ದುಹೋದ ಜಾಗದಲ್ಲಿ ಯಾರು ಕುಳಿತುಕೊಳ್ಳುವರು? ಆದರೂ ನೂಕುನುಗ್ಗಲಿನಲ್ಲಿ ಮೊಣಕೈಯಿಂದ ತಿವಿದು ಚಿತ್ರ ತೆಗೆಯಲಾರೆನೆಂದವರನ್ನು ಹಳಿಯಲು ನನಗೆ ಬಾಯಿ ಬಾರದು. ಒಬ್ಬನೇ ಮಗನು 1989ರಲ್ಲಿ ತೀರಿಕೊಂಡ ಮೇಲೆ ಆಕೆ ವಡೋದರೆಯಲ್ಲಿ ಒಂಟಿಯಾಗಿಯೇ ಬಾಳಿದರು. 2011ರಲ್ಲಿ, ತೊಂಬತ್ತೇಳು ವರ್ಷದ ಆಕೆಗೆ ಪದ್ಮವಿಭೂಷಣ ಪ್ರಶಸ್ತಿಯು ಬಂದಿತು. ಮರುವರ್ಷದ ಜನವರಿಯಲ್ಲಿ ಆಕೆ ಕಾಲವಶರಾದರು.

ಪ್ರಶಸ್ತಿಯ ವಾರ್ತೆಯನ್ನು ಓದಿದ ದಿನ ನಾನು ಅಣ್ಣನಿಗೆ ಕಾಗದ ಬರೆದೆನು. ಹೊಳೆಯ ಚಿತ್ರವಿದ್ದ ಆ ಪತ್ರಿಕೆಯ ತುಣುಕಿಗೆ ಅವನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ಇಟ್ಟುಕೊಂಡಿದ್ದನು. ಅದನ್ನು ನಿನಗೆ ಕಳುಹಿಸಲೇ ಎಂದು ಮಾರುತ್ತರ ಬಂದಿತು. ಕಳುಹಿಸೆಂದು ಬರೆದೆನು. ಗಾಜು ಒಡೆಯದಂತೆ ಹಳೆಯ ಸೀರೆಯೊಂದರಲ್ಲಿ ಸುತ್ತಿ, ತಾನೇ ರೈಲಿನಲ್ಲಿ ತಂದುಕೊಟ್ಟನು.