ಮೀನಿನ ಅಮೈನೋ ಬಾಟ್ಲಿಗೆ ತುಂಬೋ ಹದ

ಮೀನಿನ ಅಮೈನೋ ಮಾಡೋದು ಬಹಳ ಜನಕ್ಕೆ ಗೊತ್ತು. 1 ಕೆಜಿ ಮೀನಿನ ತ್ಯಾಜ್ಯಕ್ಕೆ 1 ಕೆಜಿ ಬೆಲ್ಲ. ನಾನು ಎಡವಿದ್ದು ತುಂಬೋ ಹದದಲ್ಲಿ.

ಹೋದ ವರ್ಷ 15 ದಿನಕ್ಕೇ ಸೋಸಿ, ಗಾಜಿನ ಬಾಟ್ಲಿಗೆ ತುಂಬಿ, ಮುಚ್ಚಳ ಬಿಗಿದು ಪಾಂಡವಪುರದ ತಂಗಿಗೆ ಕೊಟ್ಟೆ. ಮೂರನೇ ರಾತ್ರಿ ಬಾಟ್ಲಿ ಸಿಡೀತು. ಹಗಲೆಲ್ಲ ಅವಳ ಮೊಮ್ಮಗು ಆಡೋದು ಅದೇ ಜಗಲೀಲಿ.

ಬೆಲ್ಲ ಇನ್ನೂ ಹುಳಿ ಬರ್ತಿದ್ರೆ ಒಳಗೆ ಗ್ಯಾಸ್ ಹುಟ್ತಾನೇ ಇರುತ್ತೆ. ಅದಕ್ಕೆ ಈಗ ದಿನ ಎಣಿಸಿ ತುಂಬಲ್ಲ. ಸ್ವಲ್ಪ ದ್ರಾವಣ ಬಾಟ್ಲಿಗೆ ಹಾಕಿ ಬಾಯಿಗೆ ಬಲೂನ್ ಕಟ್ತೀನಿ. ಮೂರು ದಿನ ಬಲೂನ್ ಉಬ್ಬಬಾರದು, ನೊರೆ ನಿಂತಿರಬೇಕು, ನಾತ ಹೋಗಿ ಹುಳಿ-ಸಿಹಿ ವಾಸನೆ ಬಂದಿರಬೇಕು. ಆಮೇಲೂ ಪ್ಲಾಸ್ಟಿಕ್ ಕ್ಯಾನೇ, ಮುಚ್ಚಳ ಸಡಿಲ.

ತಂಗಿ ಈಗಲೂ ಕ್ಯಾನ್ ಮುಟ್ಟೋ ಮುಂಚೆ ಕೇಳ್ತಾಳೆ: "ಅಣ್ಣಾ, ಬಲೂನ್ ನೋಡಿದ್ಯಾ?"