ಕೈಪಿಡಿಯ ಪರೀಕ್ಷೆ

ಕಾವ್ಯವೊಂದು ಅಚ್ಚಾಗಿ ಹೊರಬಿದ್ದರೆ ಅದರ ಗುಣದೋಷಗಳನ್ನು ತೂಗಿನೋಡುವ ಪಂಡಿತರು ಊರಿಗೆ ನಾಲ್ವರು ದೊರೆಯುವರು. ನಾಟಕಕ್ಕೂ ಕಾದಂಬರಿಗೂ ಅದೇ ಭಾಗ್ಯ. ಆದರೆ ಯಂತ್ರವೊಂದನ್ನು ನಡೆಯಿಸುವ ಬಗೆಯನ್ನು ತಿಳಿಸುವ ಕೈಪಿಡಿ ಹೊರಬಿದ್ದರೆ ಅದನ್ನು ಕೈಯಲ್ಲಿ ಹಿಡಿದು, ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಹೇಳುವವರು ಯಾರೂ ಇಲ್ಲ. ಅದು ಸಾಹಿತ್ಯವಲ್ಲವೆಂಬ ಭಾವನೆಯು ಇದಕ್ಕೆ ಕಾರಣವಾಗಿರಬಹುದು. ಕೆಟ್ಟ ಕಾವ್ಯವನ್ನು ಓದಿದವನಿಗೆ ಒಂದು ಸಾಯಂಕಾಲ ವ್ಯರ್ಥವಾಗುವದು, ಅಷ್ಟೆ. ಕೆಟ್ಟ ಕೈಪಿಡಿಯನ್ನು ನಂಬಿದವನಿಗೆ ಹತ್ತು ವರುಷದ ಬರಹವೇ ವ್ಯರ್ಥವಾಗಬಹುದು. ಯಾವುದಕ್ಕೆ ವಿಮರ್ಶೆ ಹೆಚ್ಚು ಅವಶ್ಯವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ಪ್ರಶ್ನೆಯು ಈಗ ಏಳುವದಕ್ಕೆ ನಿಮಿತ್ತವುಂಟು. 2025ನೆಯ ಇಸವಿಯ ಅಕ್ಟೋಬರ 14ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ತನ್ನ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11 ಎಂಬುದು 2017-18ಕ್ಕಿಂತ ಹಿಂದೆ ತಯಾರಾದ ಬಹುತೇಕ ಯಂತ್ರಗಳನ್ನು ಅಂಗೀಕರಿಸುವದಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂಥ ಊರುಗಳಲ್ಲಿ ಮನೆಯ ಮೂಲೆಯಲ್ಲಿಯೂ ಸಾಲೆಯ ಕೋಣೆಯಲ್ಲಿಯೂ ಇರುವ ಕಂಪ್ಯೂಟರಗಳು ಬಹುಮಟ್ಟಿಗೆ ಆ ವಯಸ್ಸಿನವೇ. ಅವು ಕೆಟ್ಟಿಲ್ಲ; ಆದರೂ ಮುದಿಯೆತ್ತುಗಳಂತೆ ದಿಕ್ಕಿಲ್ಲದವಾದವು. ಇಂಥವಕ್ಕೆ ಮರುಜೀವ ಕೊಡಬಲ್ಲ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯುಂಟು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಗ್ನೂ ಎಂಬ ಹೆಸರಿನಿಂದ ಸಾರಿದ ಸಂಕಲ್ಪವು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸರು ಬರೆದ ಲಿನಕ್ಸಿನೊಡನೆ ಕೂಡಿ ಪೂರ್ಣರೂಪವನ್ನು ತಾಳಿತು. 2004ರಲ್ಲಿ ಬಂದ ಉಬುಂಟು ಎಂಬ ಅದರ ಪಾಠಾಂತರವು ಸಾಮಾನ್ಯ ಜನರ ವರೆಗೂ ಬಂದಿತು. ನಮ್ಮ ದೇಶದ ಸಿಡ್ಯಾಕ್ ಸಂಸ್ಥೆಯೂ ಬಾಸ್ ಎಂಬ ಹೆಸರಿನಿಂದ ಭಾರತೀಯ ಭಾಷೆಗಳಿಗೆ ಒಗ್ಗುವ ಒಂದು ಲಿನಕ್ಸನ್ನು ಸಿದ್ಧಪಡಿಸಿದೆ. ಇವುಗಳಿಗೆ ಹಣವಿಲ್ಲ; ಆದರೆ ಕಲಿಸುವವರೂ ಹತ್ತಿರದಲ್ಲಿಲ್ಲ. ಆದುದರಿಂದ ಪುಸ್ತಕವೇ ಗುರು.

ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರಿಗೆ ಗ್ರಂಥಪರೀಕ್ಷೆಯ ಒಂದು ಹಳೆಯ ಅಳತೆಗೋಲು ಕೈಗೆ ಬಂದಿರುವದು. ಗ್ರಂಥದ ವಿಷಯವೇನು, ಪ್ರಯೋಜನವೇನು, ಇವುಗಳಿಗಿರುವ ಸಂಬಂಧವೇನು, ಇದನ್ನು ಓದತಕ್ಕ ಅಧಿಕಾರಿ ಯಾರು ಎಂಬ ಅನುಬಂಧಚತುಷ್ಟಯವೇ ಆ ಅಳತೆಗೋಲು. ವೇದಾಂತದ ಪ್ರಕರಣಗಳಿಗೆಂದು ಮಾಡಿದ ಈ ಅಳತೆಯು ಕಂಪ್ಯೂಟರದ ಕೈಪಿಡಿಗೆ ಇಷ್ಟು ಸರಿಯಾಗಿ ಕೂಡುವದೆಂದು ಹಳಬರು ಊಹಿಸಿರಲಾರರು. ವಿಷಯವು ಹೊದಿಕೆಯ ಮೇಲೆಯೇ ಇರುವದು. ಸಂಬಂಧವನ್ನು ಕುರಿತು ಜಗಳವಿಲ್ಲ. ಪ್ರಯೋಜನವನ್ನು ಹೇಳುವಾಗ ಮಾತ್ರ ಗ್ರಂಥಕಾರರು ಸ್ವಲ್ಪ ಉಬ್ಬುವರು. ಸವಣೂರಿನ ಎಲೆಯ ವ್ಯಾಪಾರಿಯೊಬ್ಬನು ತನ್ನ ಲೆಕ್ಕಪತ್ರವನ್ನು ಟ್ಯಾಲಿಯಲ್ಲಿ ಇಡುತ್ತಿದ್ದರೆ, ಆ ಟ್ಯಾಲಿಯು ವಿಂಡೋಸಿಗಾಗಿಯೇ ರಚಿತವಾದುದು. ಅವನ ಅಂಗಡಿಯ ಯಂತ್ರದಲ್ಲಿ ಲಿನಕ್ಸನ್ನು ಕೂಡ್ರಿಸಿ ಹೋದವನು ಅವನಿಗೆ ಉಪಕಾರ ಮಾಡಿದಂತಾಗಲಿಲ್ಲ. ಇಂಥವರು ಈ ದಾರಿಯನ್ನು ಹಿಡಿಯಬಾರದೆಂದು ಮೊದಲ ಪ್ರಕರಣದಲ್ಲಿಯೇ ಹೇಳುವ ಕೈಪಿಡಿಯ ಮೇಲೆ ವಿಶ್ವಾಸ ಹುಟ್ಟುವದು. ತನ್ನ ಮದ್ದು ಎಲ್ಲ ರೋಗಕ್ಕೂ ಆಗುವದೆಂಬ ವೈದ್ಯನನ್ನು ಸಂತೆಯಲ್ಲಿ ಎಲ್ಲರೂ ಕಂಡಿದ್ದಾರೆ.

ಇನ್ನು ಅಧಿಕಾರಿ. ಎಲ್ಲ ತೊಡಕೂ ಇರುವದು ಇಲ್ಲಿಯೇ. ತಿಳಿದವನು ಬರೆಯುವಾಗ ತಿಳಿಯದವನ ಮನಸ್ಸು ಅವನಿಗೆ ಮರೆತುಹೋಗಿರುವದು. ಹಾನಗಲ್ಲಿನ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಿದರೆ ಮಾತು ಸ್ಪಷ್ಟವಾಗುವದು. ಮನೆಯ ಯಜಮಾನರು ತೀರಿಕೊಂಡು ಮೂರು ವರುಷವಾಗಿದ್ದಿತು. ಅವರು ಬದುಕಿರುವಾಗ ತಾರಕೇಶ್ವರ ಗುಡಿಯ ಸುತ್ತಲಿನ ಶಾಸನಗಳನ್ನೂ, ಆನಿಕೆರೆಯ ಮೇಲೆ ಮುದುಕರು ಹೇಳುವ ಕಥೆಗಳನ್ನೂ, ಮನೆತನದ ವಂಶಾವಳಿಯನ್ನೂ ಕಂಪ್ಯೂಟರದಲ್ಲಿ ತಾವೇ ಕುಳಿತು ಒಂದು ಬೆರಳಿನಿಂದ ಬರೆದಿಟ್ಟಿದ್ದರು. ಆ ಯಂತ್ರವೇ ಈಗ ಮುದಿಯಾದುದು. ಕಾಲೇಜಿಗೆ ಹೋಗುವ ಮೊಮ್ಮಗನು ಎಲ್ಲಿಂದಲೋ ಒಂದು ಕೈಪಿಡಿಯನ್ನು ತಂದು, ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ಹೇಳಿದಂತೆ ಒಂದೊಂದೇ ಹೆಜ್ಜೆ ನಡೆಯಹತ್ತಿದನು. ಅರ್ಧ ದಾರಿಯಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ ಬರುವದು: ಡಿಸ್ಕನ್ನು ಅಳಿಸಿ ಉಬುಂಟುವನ್ನು ಸ್ಥಾಪಿಸಬೇಕೇ, ಇಲ್ಲವೆ ಇದ್ದುದರ ಮಗ್ಗುಲಲ್ಲಿ ಸ್ಥಾಪಿಸಬೇಕೇ? ಪುಸ್ತಕದಲ್ಲಿ ಈ ಸ್ಥಳದಲ್ಲಿ ಇದ್ದುದು ಒಂದೇ ಸಾಲು: ಮೊದಲನೆಯದನ್ನು ಆಯ್ದು ಮುಂದೆ ಹೋಗುವದು ಸುಲಭವೆಂದು. ಸುಲಭವೆಂಬುದು ನಿಜ. ಆದರೆ ಅಳಿಸುವದೆಂದರೆ ಎಲ್ಲವನ್ನೂ ಅಳಿಸುವದೆಂದೂ, ಅಲ್ಲಿ ಸಮ್ಮತಿಸಿದ ಬಳಿಕ ಹಿಂದೆ ತಿರುಗುವ ದಾರಿ ಇಲ್ಲವೆಂದೂ ಆ ಸಾಲಿನಲ್ಲಿ ಇರಲಿಲ್ಲ. ಬರಹಗಳನ್ನು ಮೊದಲು ಬೇರೊಂದು ಕಡೆಗೆ ನಕಲು ಮಾಡಿಕೊಳ್ಳಬೇಕೆಂಬ ಸೂಚನೆಯು ಐದು ಪುಟಗಳಾಚೆ, ಹಿತವಚನಗಳು ಎಂಬ ತಲೆಕಟ್ಟಿನ ಕೆಳಗೆ ಇದ್ದಿತು.

ಆ ಹೊತ್ತಿಗೆ ಅಡಿಗೆಮನೆಯಿಂದ ಹೊರಗೆ ಬಂದ ಅಜ್ಜಿಯು, “ಅವರು ಬರೆದದ್ದೆಲ್ಲಾ ಅದರಾಗನ ಅದ ಏನೋ, ತಮ್ಮಾ?” ಎಂದು ಕೇಳಿದರು. ಹುಡುಗನು ಕೈ ಹಿಂದೆಗೆದನು. ಕಂಪ್ಯೂಟರವನ್ನು ಮುಚ್ಚಿ, ಮತ್ತೆ ತೆರೆದು, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡ ಮೇಲೆಯೇ ಪುನಃ ಕುಳಿತನು. ಆ ದಿನ ಬರಹವನ್ನು ಉಳಿಸಿದುದು ಅಕ್ಷರವನ್ನೇ ನೆಚ್ಚಿದ ಗ್ರಂಥವಲ್ಲ, ಕಂಪ್ಯೂಟರದ ಗುಂಡಿಯನ್ನು ಎಂದೂ ಮುಟ್ಟದ ಹೆಂಗಸಿನ ಒಂದು ಪ್ರಶ್ನೆ. ಅದೇ ಪ್ರಶ್ನೆಯನ್ನು ಗ್ರಂಥಕಾರನು ಮೊದಲನೆಯ ಪುಟದಲ್ಲಿ ಕೇಳಬೇಕಾಗಿದ್ದಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ವ್ಯವಸ್ಥೆಯು ಚೆನ್ನಾಗಿ ಕುಳಿತಿತು. ಹಳೆಯ ಯಂತ್ರವು ಹುರುಪಿನಿಂದ ಓಡಹತ್ತಿತು. ಆದರೆ ಅಜ್ಜನ ಬರಹವನ್ನು ತೆರೆದರೆ ಕನ್ನಡದ ಒಂದು ಅಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳೂ ಮೇಲೆ ಚುಕ್ಕಿಗೀಟುಗಳನ್ನು ಹೊತ್ತ ಪರದೇಶೀ ಅಕ್ಷರಗಳೂ ಸಂತೆ ನೆರೆದಂತೆ ಕಲೆತಿದ್ದವು. ಮನೆಯವರೆಲ್ಲರೂ ಬರಹವು ಕೆಟ್ಟಿತೆಂದೇ ತಿಳಿದರು. ಅದು ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತಿನವರು ರಚಿಸಿದ ನುಡಿ ತಂತ್ರಾಂಶದಲ್ಲಿ ಹಿಂದೆ ಬರೆಯುತ್ತಿದ್ದ ಪದ್ಧತಿಯಲ್ಲಿ, ಇಂಗ್ಲಿಷ್ ಮೊದಲಾದ ಅಕ್ಷರಗಳಿಗೆ ಗೊತ್ತಾದ ಸಂಕೇತಗಳ ಮೇಲೆಯೇ ಕನ್ನಡದ ತುಂಡುಗಳನ್ನು ಹೊದಿಸಿರುತ್ತಿದ್ದರು. ಆ ಅಚ್ಚಿನ ಮೊಳೆ, ಎಂದರೆ ಫಾಂಟು, ಜೊತೆಗಿಲ್ಲದಿದ್ದರೆ ಹೊದಿಕೆ ಜಾರಿ ಒಳಗಿನ ಸಂಕೇತಗಳು ಕಾಣುವವು. ಯೂನಿಕೋಡ್ ಪದ್ಧತಿಯಲ್ಲಾದರೆ ಕನ್ನಡಕ್ಕೆ ತನ್ನದೇ ಆದ ಸ್ಥಾನಗಳಿರುವದರಿಂದ ಈ ತೊಂದರೆ ಇಲ್ಲ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನಗಳುಂಟು. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕಾಗುವದು. ಇಷ್ಟನ್ನು ಹೇಳುವದಕ್ಕೆ ಎರಡು ಪುಟ ಸಾಕು. ಕನ್ನಡದ ಮನೆಗಳಿಗೆ ಬರೆದ ಕೈಪಿಡಿಯಲ್ಲಿ ಈ ಎರಡು ಪುಟಗಳಿಲ್ಲವಾದರೆ, ಅದು ಇಂಗ್ಲಿಷ್ ಪುಸ್ತಕದ ಬೆನ್ನು ಹತ್ತಿ ಬರೆದುದೇ ಹೊರತು ಓದುವವರ ಮುಖವನ್ನು ನೋಡಿ ಬರೆದುದಲ್ಲವೆಂದು ಧಾರಾಳವಾಗಿ ತೀರ್ಮಾನಿಸಬಹುದು. ಅದರಂತೆಯೇ ಕನ್ನಡವನ್ನು ಟೈಪು ಮಾಡುವ ಬಗೆ. ಕೆ. ಪಿ. ರಾವ್ ಅವರ ಹೆಸರಿನಿಂದ ಬಂದ ಕಗಪ ಕೀಲಿಮಣೆಯೂ, ಸರಕಾರದ ಇನ್‌ಸ್ಕ್ರಿಪ್ಟೂ ಲಿನಕ್ಸಿನಲ್ಲಿ ಮೊದಲೇ ಇರುವವು. ಆದರೆ ಅವು ಇರುವ ಸ್ಥಳವನ್ನು ತೋರಿಸುವವರಿಲ್ಲದೆ ಎಷ್ಟೋ ಜನರು, ಲಿನಕ್ಸಿನಲ್ಲಿ ಕನ್ನಡ ಬಾರದೆಂದೇ ನಂಬಿ ಕುಳಿತಿರುವರು.

ಅಗುಳೊಂದನ್ನು ಹಿಸುಕಿ ಅನ್ನವು ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಕೈಪಿಡಿಯ ಪರೀಕ್ಷೆಗೆ ಸಲ್ಲದು. ಇಲ್ಲಿ ತೊಂಬತ್ತೊಂಬತ್ತು ಅಗುಳು ಬೆಂದು, ಒಂದು ಕಲ್ಲಾಗಿದ್ದರೆ ಹಲ್ಲು ಮುರಿಯುವದು ಆ ಒಂದರಿಂದಲೇ. ಆದಕಾರಣ ಎಲ್ಲಿ ಕಲ್ಲಿರುವ ಸಂಭವವುಂಟೋ ಅಲ್ಲಿಯೇ ಕೈಹಾಕಿ ನೋಡಬೇಕು. ಅಂಥ ಇನ್ನೊಂದು ಸ್ಥಳವು ಟರ್ಮಿನಲ್. ಅಲ್ಲಿ ಆಜ್ಞೆಗಳನ್ನು ಅಕ್ಷರಶಃ ಟೈಪು ಮಾಡಬೇಕಾಗುವದು. ಸೂತ್ರಪಾಠದಲ್ಲಿ ವಿಸರ್ಗವು ಬಿದ್ದುಹೋದರೆ ಅರ್ಥವೇ ಬಿದ್ದುಹೋಗುವಂತೆ, ಇಲ್ಲಿ ತಪ್ಪು ಸ್ಥಳದಲ್ಲಿ ಒಂದು ತೆರಪು ಬಿದ್ದರೂ ಆಜ್ಞೆಯು ಕೆಡುವದು. ಅಚ್ಚುಕೂಟದವರು ಅಂದಕ್ಕಾಗಿ ಎರಡು ಕಿರುಗೀಟುಗಳನ್ನು ಕೂಡಿಸಿ ಒಂದು ಉದ್ದಗೀಟು ಮಾಡುವರು, ನೆಟ್ಟಗಿನ ಉದ್ಧರಣಚಿಹ್ನೆಗಳನ್ನು ಬಾಗಿಸುವರು. ಪುಟವು ಚೆಲುವಾಗಿ, ಆಜ್ಞೆಯು ಸಾಯುವದು. ಸಾಲಿನ ಮೊದಲಿಗೆ ಇರುವ ಡಾಲರ್ ಚಿಹ್ನೆಯು ಕಂಪ್ಯೂಟರವೇ ತೋರಿಸುವಂಥದು, ಓದುಗನು ಟೈಪು ಮಾಡತಕ್ಕದ್ದಲ್ಲವೆಂದು ಹೇಳದ ಪುಸ್ತಕಗಳೇ ಬಹಳ. ಗುಪ್ತಪದವನ್ನು ಟೈಪು ಮಾಡುವಾಗ ಅಲ್ಲಿ ಒಂದು ಚುಕ್ಕೆಯೂ ಮೂಡದಿರುವದು ಸಹಜವೆಂಬುದನ್ನು ತಿಳಿಸದಿದ್ದರಂತೂ, ಹೊಸಬನು ಕೀಲಿಮಣೆಯು ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋದಾನು! ಕೆಲವರು ಕನ್ನಡಾಭಿಮಾನದಿಂದ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲಿಯೇ ಮುದ್ರಿಸುವರು. ಪ್ರಬಂಧದಲ್ಲಿ ಅದು ಶೋಭಿಸುವದು. ಕೈಪಿಡಿಯಲ್ಲಿ ಯಂತ್ರವು ಓದುವ ಲಿಪಿಯನ್ನೇ ಮುದ್ರಿಸಬೇಕು. ಪರದೆಯ ಮೇಲೆ ಫೈಲ್ ಎಂದಿರುವಾಗ ಪುಸ್ತಕದಲ್ಲಿ ಕಡತವೆಂದು ಮಾತ್ರ ಬರೆದರೆ ಓದುಗನು ಏನನ್ನು ಹುಡುಕಬೇಕು?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ವಿಷಯದಲ್ಲಿ ಭಾಗ್ಯಶಾಲಿಗಳು. ಕೇರಳದಲ್ಲಿ 2001ರಲ್ಲಿ ಮೊದಲಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಕ್ರಮವಾಗಿ ಗ್ನೂ-ಲಿನಕ್ಸನ್ನೇ ಸಾಲೆಗಳಲ್ಲಿ ನೆಲೆಗೊಳಿಸಿತು; 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಆ ಪಾಠಪುಸ್ತಕಗಳು ಮಲೆಯಾಳದಂತೆ ಕನ್ನಡದಲ್ಲಿಯೂ ಅಚ್ಚಾಗುವವು. ಆದರೆ ಅವುಗಳನ್ನು ಮಾದರಿಯಾಗಿ ಹಿಡಿದು ಮನೆಗಳ ಕೈಪಿಡಿಯನ್ನು ಅಳೆಯುವದು ನ್ಯಾಯವಲ್ಲ. ಸಾಲೆಯಲ್ಲಿ ವ್ಯವಸ್ಥೆಯನ್ನು ಬೇರೆಯವರು ಕೂಡ್ರಿಸಿಟ್ಟಿರುವರು. ಮಗುವು ತಪ್ಪಿದರೆ ಬೆನ್ನ ಹಿಂದೆ ಮಾಸ್ತರರು ನಿಂತಿರುವರು. ಶಿಗ್ಗಾಂವಿಯ ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಕರಿಯ ಪರದೆಯ ಮುಂದೆ ಕುಳಿತವನ ಬೆನ್ನ ಹಿಂದೆ ಗೋಡೆ ಮಾತ್ರ. ಹೀಗಾದರೆ ಇದನ್ನು ಮಾಡು, ಹಾಗಾದರೆ ಅದನ್ನು ಮಾಡು ಎಂಬ ಅಪವಾದಗಳ ಪ್ರಕರಣವು ಪಾಠಪುಸ್ತಕದಲ್ಲಿ ಇಲ್ಲದಿದ್ದರೂ ನಡೆಯುವದು. ಕೈಪಿಡಿಯಲ್ಲಿ ಅದೇ ಪ್ರಧಾನ.

ಪುಸ್ತಕದ ವಯಸ್ಸನ್ನೂ ನೋಡಬೇಕು. ಉಬುಂಟುವಿನ ಸಂಖ್ಯೆಯೇ ಅದರ ಜಾತಕ: 24.04 ಎಂದರೆ 2024ನೆಯ ಇಸವಿಯ ನಾಲ್ಕನೆಯ ತಿಂಗಳು. 2011ರಲ್ಲಿ ಯೂನಿಟಿ ಎಂಬ ಹೊಸ ಮುಖವನ್ನು ಅದಕ್ಕೆ ತೊಡಿಸಿದರು. 2017ರಲ್ಲಿ ಅದನ್ನು ಕಳಚಿ ಗ್ನೋಮ್ ಎಂಬುದನ್ನು ತೊಡಿಸಿದರು. ನಡುವಿನ ವರುಷಗಳಲ್ಲಿ ಚಿತ್ರಗಳೊಡನೆ ಅಚ್ಚಾದ ಪುಸ್ತಕಗಳೆಲ್ಲವೂ ಒಂದೇ ದಿನ ಹಳೆಯ ಪಂಚಾಂಗಗಳಾದವು. ಯಾವ ಆವೃತ್ತಿಗೆ ಬರೆದುದೆಂಬುದನ್ನು ಹೊದಿಕೆಯ ಮೇಲೆ ಹೇಳದ ಕೈಪಿಡಿಯನ್ನು ಕೊಳ್ಳದಿರುವದೇ ಲೇಸು.

ಈ ಪುಸ್ತಕಗಳಲ್ಲಿ ಸ್ವಾತಂತ್ರ್ಯದ ಮಹಿಮೆಯನ್ನು ಮೂವತ್ತು ಪುಟ ಹಾಡಿ, ಪ್ರಿಂಟರವನ್ನು ಜೋಡಿಸುವ ಬಗೆಯನ್ನು ಅರ್ಧ ಪುಟದಲ್ಲಿ ಮುಗಿಸುವ ರೂಢಿಯುಂಟು. ಪ್ರತಿಪಕ್ಷದ ಕಂಪನಿಗೆ ಬೈಗುಳ ಬೇರೆ. ಇದು ಓದುಗನಿಗೆ ಬೇಕಾದುದಲ್ಲ. ಹಾಗೆಂದು ಪರವಾನಿಗೆಯ ವಿಷಯವನ್ನು ಬಿಟ್ಟೇ ಬಿಡುವದೂ ಸರಿಯಲ್ಲ. ಕಳವಿನ ನಕಲುಗಳನ್ನು ಬಳಸಿ ರೂಢಿಯಾದ ಊರುಗಳಲ್ಲಿ, ಇದನ್ನು ನೆರೆಯವನಿಗೆ ನಕಲು ಮಾಡಿಕೊಟ್ಟರೆ ಅಪರಾಧವಾಗುವದೇ ಎಂಬ ಶಂಕೆಯು ಸಭ್ಯ ಗೃಹಸ್ಥನಿಗೆ ಬಂದೇ ಬರುವದು. ಹಿರೇಕೆರೂರಿನ ಕಡೆಯ ರೈತನಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು. ಹೈಬ್ರಿಡ್ ಹತ್ತಿಯ ಬೀಜವನ್ನು ವರುಷವರುಷಕ್ಕೂ ಕೊಳ್ಳಬೇಕು, ಅದರ ಬೆಳೆಯಿಂದ ತೆಗೆದಿಟ್ಟ ಬೀಜವು ಗುಣವನ್ನು ಹಿಡಿಯದು; ಮನೆಯ ಜೋಳದ ಬೀಜವನ್ನಾದರೆ ಕಣದಿಂದ ತೆಗೆದಿಟ್ಟು ಬಿತ್ತಬಹುದು, ಬೀಗರಿಗೂ ಕೊಡಬಹುದು. ಲಿನಕ್ಸು ಎರಡನೆಯ ಜಾತಿಯದು. ಇಷ್ಟು ಹೇಳಿ ಗ್ರಂಥಕಾರನು ಪ್ರಿಂಟರಿನ ಕಡೆಗೆ ನಡೆಯಲಿ.

ಒಳ್ಳೆಯ ಕೈಪಿಡಿಗಳು ಇಲ್ಲವೆಂದಲ್ಲ. 1990ರ ದಶಕದ ಆರಂಭದಲ್ಲಿಯೇ ಮ್ಯಾಟ್ ವೆಲ್ಶ್ ಅವರು ಇಂಗ್ಲಿಷಿನಲ್ಲಿ ಹೊಸಬರಿಗಾಗಿ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. 2010ರಲ್ಲಿ ಉಬುಂಟುವಿನ ಸ್ವಯಂಸೇವಕರು ಕೂಡಿ ಬರೆದ ಪ್ರವೇಶಿಕೆಯೂ ಹಾಗೆಯೇ ಬಂದಿತು. ಸ್ಥಾಪಿಸುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಯಿಸಿ, ಡಿಸ್ಕನ್ನು ಮುಟ್ಟದೆ, ವೈಫೈ ಹಿಡಿಯುವದೇ, ಧ್ವನಿ ಬರುವದೇ, ಪ್ರಿಂಟರು ಓಡುವದೇ ಎಂದು ನೋಡುವ ಸೌಕರ್ಯವು ಈ ವ್ಯವಸ್ಥೆಯಲ್ಲಿ ಉಂಟಷ್ಟೆ. ಕನ್ನಡದ ಕೈಪಿಡಿಕಾರರು ಈ ಪರೀಕ್ಷೆಗೇ ಮೊದಲ ಪ್ರಕರಣವನ್ನು ಮೀಸಲಿಟ್ಟರೆ ಅರ್ಧ ಭಯವು ಕಳೆಯುವದು. ಪುಸ್ತಕದ ಕೊನೆಗೆ ಗೆರೆ ಹಾಕಿದ ನಾಲ್ಕು ಖಾಲಿ ಪುಟಗಳನ್ನು ಬಿಟ್ಟರೆ, ಯಂತ್ರದ ಹೆಸರು, ಕೂಡ್ರಿಸಿದ ತಾರೀಖು, ಪ್ರಿಂಟರದ ಮಾದರಿ, ಬರಹಗಳ ನಕಲನ್ನು ಯಾವ ಕಪಾಟಿನಲ್ಲಿ ಇಟ್ಟಿರುವದೆಂಬುದನ್ನು ಮನೆಯವರು ಬರೆದಿಟ್ಟುಕೊಳ್ಳಬಹುದು. ಪ್ರಕಾಶಕರಿಗೆ ಇದರಿಂದ ಬೀಳುವ ಖರ್ಚು ಒಂದೆರಡು ರೂಪಾಯಿಗಿಂತ ಹೆಚ್ಚಾಗಲಾರದು.