ನೆಲಮಂಗಲ ದಾಟಿದ ಮೇಲೆ

ಬೈಲಹೊಂಗಲದಲ್ಲಿ ರಾತ್ರಿ ಬೆಂಗಳೂರು ಬಸ್ಸು ಹತ್ತಿದ್ದೀರಿ. ಬನದ ಹುಣ್ಣಿಮೆ ಈಗಷ್ಟೇ ಮುಗಿದಿದೆ. ಸವದತ್ತಿ ಗುಡ್ಡದಿಂದ ಬಂದವರ ಹಣೆಯ ಭಂಡಾರ ಇನ್ನೂ ಅಳಿಸಿಲ್ಲ. ಸೀಟಿನಡಿ ರೊಟ್ಟಿ ಗಂಟುಗಳು. ಕಿಟಕಿಯ ಸಂದಿಯಿಂದ ಎರೆಹೊಲದ ತಂಪು ನುಗ್ಗುತ್ತಿದೆ. ಪಕ್ಕದವರು ರಾಮದುರ್ಗದವರು, ಇಲ್ಲಿ ತಂಗಿಯ ಮನೆಗೆ ಬಂದಿದ್ದರಂತೆ. ಮಫ್ಲರ್ ಬಿಗಿದುಕೊಳ್ಳುತ್ತ ಹೇಳುತ್ತಾರೆ: “ಈ ಥಂಡಿ ಬೆಂಗ್ಳೂರಾಗ ಸಿಗಂಗಿಲ್ಲ ತಗೋರಿ.”

ಕಿತ್ತೂರು ಬಂತು, ಬಸ್ಸು ಹೆದ್ದಾರಿ 48ಕ್ಕೆ ಹೊರಳಿತು. 1824ರಲ್ಲಿ ಚೆನ್ನಮ್ಮನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ನೆಲ ಇದು. ಅದಕ್ಕೆ ಕೆಲವೇ ವರ್ಷ ಮೊದಲು ಥ್ಯಾಕರೆಯ ದೇಶದ ರಾಜಧಾನಿಯ ಬಳಿ ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕ ದಿನವೂ ಥರ್ಮಾಮೀಟರ್ ನೋಡಿ ಬರೆದಿಡುತ್ತಿದ್ದ. ಲಂಡನ್ ಪಟ್ಟಣದ ರಾತ್ರಿ ಸುತ್ತಲಿನ ಹಳ್ಳಿಗಳ ರಾತ್ರಿಗಿಂತ ಬೆಚ್ಚಗಿದೆ ಎಂದು ಅವನ ಲೆಕ್ಕ ಹೇಳಿತು. ನಿಮ್ಮ ಪಕ್ಕದವರು ಹೇಳಿದ್ದೂ ಅದನ್ನೇ.

ನಿದ್ದೆಯಲ್ಲಿ ಊರುಗಳು ಹಿಂದೆ ಸರಿಯುತ್ತವೆ: ಧಾರವಾಡ, ಹುಬ್ಬಳ್ಳಿ, ದಾವಣಗೆರೆ. 2019ರಲ್ಲಿ ಕೇಂದ್ರ ಸರ್ಕಾರ ಗಾಳಿ ಕೆಟ್ಟ ನಗರಗಳಿಗೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಅದರಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿವೆ. ಕಲಬುರಗಿಯೊಂದನ್ನು ಬಿಟ್ಟರೆ ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಬೆಂಗಳೂರು ಮೂರೂ ನಿಮ್ಮ ಈ ದಾರಿಯಲ್ಲೇ.

ಬೆಳಕು ಹರಿಯುವ ಮುಂಚೆ ನೆಲಮಂಗಲದ ಬಳಿ ಚಹಾಕ್ಕೆ ನಿಲ್ಲಿಸುತ್ತಾರೆ. ಬಯಲಿನ ಚಳಿ ಕಿವಿ ಕಚ್ಚುತ್ತದೆ. ಮತ್ತೆ ಹತ್ತುತ್ತೀರಿ. ಪೀಣ್ಯ ಬರುವಷ್ಟರಲ್ಲಿ ಸಾಲುಗಟ್ಟಿದ ಲಾರಿಗಳ ಡೀಸೆಲ್ ಹೊಗೆ ಗಂಟಲಿಗೆ ಇಳಿದಿರುತ್ತದೆ. ದೂರದ ದೀಪಗಳ ಸುತ್ತ ಬೂದು ಪರದೆ. ಗಾಳಿ ಅಲ್ಲಾಡದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿ ತಂಪಾಗಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚನೆಯ ಪದರ ಪಾತ್ರೆಯ ಮುಚ್ಚಳದಂತೆ ಕವುಚಿಕೊಳ್ಳುತ್ತದೆ. ಬಿಸಿಲೇರುವವರೆಗೂ ಹೊಗೆ ಅದರಡಿಯೇ.

ಒದ್ದೆ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳಿ. ಬಿಳಿ ಬಟ್ಟೆಯ ಮೇಲೆ ಎರಡು ಕಪ್ಪು ಗೆರೆ. ಇದು ಮೂಗು ತಡೆದ ಮಸಿ. ತಡೆಯಲಾರದ್ದು ಕಣ್ಣಿಗೆ ಕಾಣುವುದಿಲ್ಲ: 2.5 ಮೈಕ್ರಾನಿಗಿಂತ ಸಣ್ಣ, ಕೂದಲೆಳೆಯ ದಪ್ಪದ ಮೂವತ್ತರಲ್ಲೊಂದು ಪಾಲಿನ ಕಣ. ಅದು ಶ್ವಾಸಕೋಶದ ತಳ ಮುಟ್ಟಿ ರಕ್ತಕ್ಕೂ ಸೇರುತ್ತದೆ. ಇಂಥ ಕಣಗಳ ವಾರ್ಷಿಕ ಸರಾಸರಿ ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೊಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 40. ದೆಹಲಿಗೆ ಹೋಲಿಸಿದರೆ ಬೆಂಗಳೂರು ಎಷ್ಟೋ ಮೇಲು. ಆದರೂ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿದ ಈ ಊರಿನ ಗಾಳಿ ಆ 5ರ ಮಿತಿಯನ್ನು ಹಲವು ಪಟ್ಟು ಮೀರುತ್ತದೆ.

ಯಶವಂತಪುರ ಬರುವಷ್ಟರಲ್ಲಿ ಸ್ವೆಟರು ಬೇಡವೆನಿಸುತ್ತದೆ. ಹಗಲಲ್ಲಿ ಬಿಸಿಲು ಕುಡಿದ ಡಾಂಬರು, ಕಾಂಕ್ರೀಟು ಆ ಕಾವನ್ನು ರಾತ್ರಿಯಿಡೀ ನಿಧಾನವಾಗಿ ಬಿಡುತ್ತವೆ. ನೀರಾವಿ ಬಿಟ್ಟು ತಂಪು ಮಾಡುವ ಮರ, ಕೆರೆಗಳ ಜಾಗದಲ್ಲಿ ಕಟ್ಟಡಗಳಿವೆ. ರಾಮದುರ್ಗದವರು ಕೈಯಾಡಿಸುತ್ತಾರೆ: “ಇದೇನ್ರಿ, ಬ್ಯಾಸಗ್ಯಾಗ ಬರ್ರಿ. ನಡುರಾತ್ರ್ಯಾಗೂ ಸ್ಲ್ಯಾಬು ಬೆನ್ನು ಸುಡತೈತಿ.” ಅವರಿಗೆ ಗೊತ್ತಿರಲೇಬೇಕು. ಅವರದು ಸೆಂಟ್ರಿಂಗ್ ಕೆಲಸ.

“ಮೊದಲಿಂದಾನೂ ಇದೇ ಕೆಲಸಾನ್ರಿ?” ಎಂದು ಕೇಳುತ್ತೀರಿ.

“ಇಲ್ರಿ, ನೇಕಾರಿಕಿ. ಹತ್ತೊಂಬತ್ತರ ಮಲಪ್ರಭಾ ನೆರಿಯೊಳಗ ಮಗ್ಗದ ಕುಣಿ ತುಂಬಿ ಹೋತು.”

2019ರ ಆಗಸ್ಟ್. ಆ ಒಂದು ನೆರೆಯನ್ನು ಯಾವ ಒಂದು ನಗರದ ಲೆಕ್ಕಕ್ಕೂ ಬರೆಯಲಾಗದು. ಆದರೆ ಹೊಗೆ, ಕಾವು ಬಿಟ್ಟು ಈ ಪ್ರಯಾಣದಲ್ಲಿ ನಿಮ್ಮ ಮೈಗೆ ತಟ್ಟದ ಮೂರನೆಯದೊಂದಿದೆ. ನಗರದ ಕಾವು ಬಹುಮಟ್ಟಿಗೆ ನಗರದಲ್ಲೇ ಉಳಿಯುತ್ತದೆ. ಹೊಗೆಯ ಕಣಗಳನ್ನು ಮಳೆ ಕೆಲವೇ ದಿನಗಳಲ್ಲಿ ತೊಳೆದುಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಅದರ ದೊಡ್ಡ ಪಾಲು ಶತಮಾನಗಳ ಕಾಲ ಉಳಿದು ಇಡೀ ಭೂಮಿಗೆ ಹರಡುತ್ತದೆ. ಮನುಷ್ಯರು ಹೊರಬಿಡುವ ಅದರ ಸುಮಾರು ಶೇ 70ರಷ್ಟು ನಗರಗಳ ಬಾಬ್ತು. ಸಿಮೆಂಟು ತಯಾರಿಕೆಯೊಂದರದೇ ಶೇ 7-8. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ; ಹಾಗಾಗಿ ಸುರಿಯುವಾಗ ಮಳೆ ಜೋರಾಗಿಯೇ ಸುರಿಯುತ್ತದೆ. ಶುದ್ಧ ಗಾಳಿಯ ಸರ್ಕಾರಿ ಪಟ್ಟಿ ನಗರದ ಗಡಿಯೊಳಗಿನ ದೂಳನ್ನು ಅಳೆಯುತ್ತದೆ. ಗಡಿ ದಾಟಿ ಹೋದದ್ದರ ಬಿಲ್ಲು ಮಲಪ್ರಭೆಯ ದಂಡೆಯವರಂಥವರಿಗೂ ಬರುತ್ತದೆ.

ಮೆಜೆಸ್ಟಿಕ್. ಇಳಿಯುವ ಗದ್ದಲದಲ್ಲೇ ಅವರ ಮೊಬೈಲು ಹೊಡೆದುಕೊಳ್ಳುತ್ತದೆ, ಮೇಸ್ತ್ರಿಯದು. “ಮಗ್ಗ ಮತ್ತ ಹೂಡಂಗಿಲ್ಲೇನ್ರಿ?” ಎನ್ನುತ್ತೀರಿ.

“ರೊಕ್ಕ ಕೂಡಿದ ಮ್ಯಾಲ ನೋಡೂಣ್ರಿ,” ಎಂದು ಗಂಟು ಹೆಗಲಿಗೇರಿಸುತ್ತಾರೆ. “ಇವತ್ತ ಹತ್ತನೇ ಮಾಳಗಿ ಸ್ಲ್ಯಾಬ್ ಐತಿ.”